ಅವನ ತಾಯಿಯದಲ್ಲದ ಇಸ್ತ್ರಿಪೆಟ್ಟಿಗೆ

ಹನ್ನೊಂದರ ಕಾರ್ಯ ಮುಗಿದು, ಕೊನೆಯ ನೆಂಟರೂ ಬಸ್ಸು ಹತ್ತಿದ ಮಾರನೆಯ ಬೆಳಿಗ್ಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋದ. ತನುಜಾ ಒಂದನ್ನು ಕಾಯಿಸಿದಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಫ್ರಿಜ್ಜಿನೊಳಗೆ ಇಟ್ಟಳು. ಆಮೇಲೆ ನಡುಮನೆಗೆ ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ನನ್ನ ಮುಚ್ಚಳ ತೆರೆದಳು.

ನಾನು ಒಂದು ಇಸ್ತ್ರಿಪೆಟ್ಟಿಗೆ. ಹಿತ್ತಾಳೆಯದು, ಇದ್ದಿಲು ಹಾಕುವಂಥದ್ದು. ಕೆಂಡ ಇರಬೇಕಾದ ನನ್ನ ಹೊಟ್ಟೆಯಲ್ಲಿ ಹೂವು ಕೊಳೆಯುತ್ತಿತ್ತು. ತನುಜಾಳ ಗಂಡನ ಸಾವಿಗೆ ಬಂದ ಅವನ ಅಭಿಮಾನಿಗಳು ಒಬ್ಬರಾದ ಮೇಲೊಬ್ಬರು ತುರುಕಿದ ಮಲ್ಲಿಗೆ, ಸೇವಂತಿಗೆ, ಗುಲಾಬಿಯ ಎಸಳು. ಬಾಡಬಾರದೆಂದು ಯಾರೋ ನೀರನ್ನೂ ಸುರಿದಿದ್ದರು. ಈಗ ಅದು ಕಂದು ಬಣ್ಣದ ಲೋಳೆ. ಅದರ ಮೇಲೆ ಸಣ್ಣ ನೊಣಗಳು.

ತನುಜಾ ಅದನ್ನು ಬರಿಗೈಯಲ್ಲೇ ಬಾಚಿ ತೆಗೆದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಅಸಹ್ಯಪಟ್ಟುಕೊಂಡದ್ದು ನಾನು.

ಆ ಮಧ್ಯಾಹ್ನ ಅಭಿಮಾನಿಗಳು ನನ್ನನ್ನು ಕೊಂಡೊಯ್ಯಲು ಬರುವವರಿದ್ದರು. ಗಾಜಿನ ಪೆಟ್ಟಿಗೆಯೊಂದು ಸಿದ್ಧವಾಗಿತ್ತು. ಅದರ ಮೇಲೆ ಬರೆಯುವ ಸಾಲೂ ಸಿದ್ಧವಾಗಿತ್ತು: ‘ಮಧುಕೇಶ ಅವರ ತಾಯಿಯ ಇಸ್ತ್ರಿಪೆಟ್ಟಿಗೆ.’ ಅದರೊಳಗೆ ಕುಳಿತರೆ ನನಗೆ ಇನ್ನು ಬೆಂಕಿಯಿಲ್ಲ. ಆ ಸುಳ್ಳೇ ನನ್ನ ಹೆಸರಾಗುತ್ತದೆ.

ನಾನು ಹುಟ್ಟಿದ್ದು ನಾಗಮಂಗಲದ ಒಂದು ಕುಲುಮೆಯಲ್ಲಿ. ಮರಳಿನ ಅಚ್ಚಿಗೆ ಕರಗಿದ ಹಿತ್ತಾಳೆ ಸುರಿದರು. ಆರಿದ ಮೇಲೆ ಒಡೆದು ತೆಗೆದು ಉಜ್ಜಿದರು. ಮರದ ಹಿಡಿ ಕೂರಿಸಿದರು. ಮುಚ್ಚಳಕ್ಕೆ ಚಿಲಕವಾಗಿ ಒಂದು ಪುಟ್ಟ ಕೋಳಿ. ಆ ಕುಲುಮೆಯ ಎಲ್ಲ ಪೆಟ್ಟಿಗೆಗೂ ಅದೇ ಕೋಳಿ.

ಮೈಸೂರಿನ ಒಂದು ಮಡಿವಾಳರ ಮನೆಗೆ ಬಂದೆ. ಅತ್ತೆಯ ಕೈಯಿಂದ ಸೊಸೆ ಮಾಚಮ್ಮನ ಕೈಗೆ ಬಂದೆ. ಮಾಚಮ್ಮನ ಜಾಗ ಒಂದು ಕಾಂಪೌಂಡ್ ಗೋಡೆಗೆ ಒರಗಿಸಿದ ತಳ್ಳುಗಾಡಿ. ಬೆಳಿಗ್ಗೆ ನನ್ನ ಹೊಟ್ಟೆಗೆ ಇದ್ದಿಲು ತುಂಬಿ, ಕೆಂಡ ಹತ್ತುವವರೆಗೆ ನನ್ನನ್ನು ತೊಟ್ಟಿಲಿನಂತೆ ತೂಗುತ್ತಿದ್ದಳು. ತಳ ಅಂಟಿದರೆ ಬಾಳೆ ಎಲೆಯ ಮೇಲೆ ಒಮ್ಮೆ ಉಜ್ಜುತ್ತಿದ್ದಳು. ಹಸಿ ಎಲೆ ಸುಡುವ ಆ ವಾಸನೆ ನನಗೆ ಇಷ್ಟ. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ. ಅದಕ್ಕೇ ವಕೀಲರ, ಮೇಷ್ಟರುಗಳ ಬಿಳಿ ಬಟ್ಟೆಯೆಲ್ಲ ಹುಡುಕಿಕೊಂಡು ನಮ್ಮಲ್ಲಿಗೇ ಬರುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ನನಗೆ ಬೆಂಕಿಯಿಲ್ಲ. ಅಂದು ಒಂದು ಬೊಟ್ಟು ಕುಂಕುಮ, ಒಂದು ಹೂವು. ಒಂದೇ.

ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ ಮಧುಕೇಶ ಇದ್ದ. ಸಿನಿಮಾ ಮಾಡುತ್ತೇನೆಂದು ಓಡಾಡುತ್ತಿದ್ದ ಹುಡುಗ. ಒಂದು ಬೆಳಿಗ್ಗೆ ತನುಜಾಳನ್ನೂ ಕರೆದುಕೊಂಡು ಬಂದ. ಆಗಷ್ಟೇ ಮದುವೆಯಾಗಿದ್ದರು.

“ಮಾಚಕ್ಕ, ನಿನ್ನ ಪೆಟ್ಟಿಗೆ ನಾಕು ದಿನಕ್ಕೆ ಬೇಕಿತ್ತು. ಶೂಟಿಂಗಿಗೆ.”

“ನನ್ ಹೊಟ್ಟೆಪಾಡು ಕಣಪ್ಪ ಅದು. ನಾಕು ದಿವ್ಸ ನಾನೇನು ಅಂಗೈಲಿ ಉಜ್ಲಾ?”

“ನಾಕೇ ದಿನ. ಪರದೆ ಮೇಲೆ ನಿನ್ನ ಹೆಸರು ಹಾಕಿಸ್ತೀನಿ.”

“ಹೆಸ್ರು ತಕ್ಕಂಡು ಉಪ್ಪಾಕ್ಕಂಡು ನೆಕ್ಕನಾ? ಪೆಟ್ಗೆ ತಂದ್ಕೊಡು, ಸಾಕು.” ಹಾಗೆಂದವಳು ತನುಜಾಳತ್ತ ತಿರುಗಿದಳು. “ನೋಡವ್ವ, ಇವನ್ನ ನಂಬಾಕಿಲ್ಲ ನಾನು. ನಿನ್ ಮೊಕ ನೋಡ್ಕಂಡು ಕೊಡ್ತಾವ್ನಿ.”

ನನ್ನನ್ನು ಎತ್ತಿಕೊಂಡು ಹೋದದ್ದು ತನುಜಾಳೇ.

ಸಿನಿಮಾದ ಹೆಸರು ‘ಮಡಿಸಿಟ್ಟ ಅಂಗಿ’. ಸತ್ತ ಅಪ್ಪನ ಅಂಗಿಯನ್ನು ಮಗನೊಬ್ಬ ಇಸ್ತ್ರಿ ಮಾಡುತ್ತಾನೆ. ನಿಲ್ಲಿಸಲಾಗದೆ ಅಂಗಿ ಸುಡುವವರೆಗೂ ಮಾಡುತ್ತಾನೆ. ಆ ದಿನ ನನ್ನ ಹೊಟ್ಟೆಯಲ್ಲಿ ನಿಜವಾದ ಕೆಂಡವಿತ್ತು. ಅಂಗಿ ನಿಜವಾಗಿಯೇ ಸುಟ್ಟಿತು. ಮಧುಕೇಶ ಕ್ಯಾಮೆರಾದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ. ಅದರಲ್ಲಿ ಸುಳ್ಳಿರಲಿಲ್ಲ ಎಂದು ನಾನು ಹೇಳಲೇಬೇಕು.

ಚಿತ್ರಮಂದಿರದಲ್ಲಿ ಅದು ಒಂದು ವಾರವೂ ನಿಲ್ಲಲಿಲ್ಲ. ಆಮೇಲೆ ಹಾಸ್ಟೆಲುಗಳಲ್ಲಿ ಫೋನಿನಿಂದ ಫೋನಿಗೆ ಹರಡಿತು. ನೋಡಿದವರೇ ಮತ್ತೆ ಮತ್ತೆ ನೋಡಿದರು. ಊರೂರಿನಲ್ಲಿ ಪ್ರದರ್ಶನಗಳಾದವು. ಇಸ್ತ್ರಿ ಮಾಡದ ಮುದುರು ಅಂಗಿ ತೊಟ್ಟು ಬರಬೇಕೆಂಬುದು ಅಭಿಮಾನಿಗಳ ನೇಮವಾಯಿತು. ತೆರೆಯ ಮೇಲೆ ಅಂಗಿಗೆ ಬೆಂಕಿ ತಗುಲಿದೊಡನೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ನನ್ನ ಚಿಲಕದ ಕೋಳಿಯ ಅರ್ಥವೇನೆಂದು ಚರ್ಚೆ ನಡೆಯುತ್ತಿತ್ತು. ಪುನರ್ಜನ್ಮ ಎಂದ ಒಬ್ಬ. ಗಂಡಸಿನ ಅಹಂಕಾರ ಎಂದಳು ಒಬ್ಬಳು. ಮಧುಕೇಶ ನಕ್ಕು, “ನೀವೇ ಹುಡುಕಿ” ಎನ್ನುತ್ತಿದ್ದ. ಅದು ಚಿಲಕ.

ಮೊದಲ ದೊಡ್ಡ ಪ್ರದರ್ಶನದ ದಿನ ಅವನು ನನ್ನನ್ನು ವೇದಿಕೆಗೆ ಕೊಂಡೊಯ್ದ. ಯಾರೋ ಕೇಳಿದರು: “ಈ ಪೆಟ್ಟಿಗೆ ಎಲ್ಲಿಂದ ಬಂತು ಸರ್?”

ಮುಂದಿನ ಸಾಲಿನಲ್ಲಿ ತನುಜಾ ಕುಳಿತಿದ್ದಳು. ಅವನು ಅವಳನ್ನು ನೋಡಲಿಲ್ಲ.

“ನಮ್ಮ ಅಮ್ಮಂದು,” ಎಂದ.

ಅವನ ತಾಯಿ ಬದುಕಿದ್ದಷ್ಟು ಕಾಲವೂ ಇಸ್ತ್ರಿಯ ಬಟ್ಟೆಯನ್ನು ಹೊರಗೆ ಕೊಟ್ಟವರು. ಆದರೆ ಸಭೆಯಲ್ಲಿ ಮೂಗು ಎಳೆದುಕೊಳ್ಳುವ ಸದ್ದು ಕೇಳಿತು. ಹುಡುಗರು ಬಂದು ಅವನನ್ನು ತಬ್ಬಿಕೊಂಡರು. ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬ ನನಗೆ ಮುತ್ತಿಟ್ಟ. ಬಾಯಲ್ಲಿ ಈರುಳ್ಳಿ ಬಜ್ಜಿಯ ಎಣ್ಣೆ.

ಅಂದಿನಿಂದ ಅದೊಂದು ಆಚಾರವಾಯಿತು. ಸಿನಿಮಾ ಮುಗಿದ ಮೇಲೆ ಅಭಿಮಾನಿಯೊಬ್ಬ ತನ್ನ ಮುದುರಿದ ಕರವಸ್ತ್ರವನ್ನು ಕೊಡುವುದು, ಮಧುಕೇಶ ಅದನ್ನು ಮೇಜಿನ ಮೇಲೆ ಹಾಸಿ ನನ್ನಿಂದ ಇಸ್ತ್ರಿ ಮಾಡುವುದು. ಸಭಾಂಗಣದಲ್ಲಿ ಕೆಂಡ ಬೇಡವೆಂದರು. ಸರಿ, ತಣ್ಣಗಿನ ನನ್ನನ್ನೇ ಅವನು ಕರವಸ್ತ್ರದ ಮೇಲೆ ಎಳೆದಾಡಿದ. ಒಂದು ಸುಕ್ಕೂ ಹೋಗಲಿಲ್ಲ. ಅಭಿಮಾನಿ ಅದನ್ನು ಕೆನ್ನೆಗೆ ಒತ್ತಿಕೊಂಡು, “ಬೆಚ್ಚಗಿದೆ ಸರ್” ಎಂದು ಅತ್ತ.

ಬೆವರು, ಸೆಂಟು, ಸಿಂಬಳ. ಊರು ಬದಲಾಗುತ್ತಿತ್ತು, ಕರವಸ್ತ್ರ ಬದಲಾಗುತ್ತಿತ್ತು. ಬೆಚ್ಚಗಿದೆ ಎನ್ನುವ ಮಾತು ಮಾತ್ರ ಅದೇ. ಅವನೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಮೊದಮೊದಲು ನಟಿಸುತ್ತಿದ್ದ. ಬರುಬರುತ್ತಾ ನಿಜವಾಗಿ ಅಳತೊಡಗಿದ. ನನಗೆ ಹೆಚ್ಚು ಹೇಸಿಗೆಯಾದದ್ದು ಆಮೇಲಿನದಕ್ಕೇ.

ಇಷ್ಟರಲ್ಲಿ ಮಾಚಮ್ಮ ಒಂದು ಕಬ್ಬಿಣದ ಪೆಟ್ಟಿಗೆ ಹೊಂದಿಸಿಕೊಂಡಿದ್ದಳು. ಅದು ಬಿಳಿ ಬಟ್ಟೆಯ ಮೇಲೆ ತುಕ್ಕಿನ ಕಲೆ ಬಿಟ್ಟಿತು. ವಕೀಲರು ಬೇರೆ ಕಡೆ ಹೋದರು. ಒಂದು ದಿನ ಅವಳೇ ಮನೆ ಬಾಗಿಲಿಗೆ ಬಂದು ಅದನ್ನೆಲ್ಲ ಹೇಳಿದಳು. ಮಧುಕೇಶ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ನಾಳೆ ನಾನೇ ತರ್ತೀನಿ ಮಾಚಕ್ಕ, ನೀನ್ಯಾಕೆ ಬರೋಕೆ ಹೋದೆ?” ಎಂದ. ಮಾರನೆಯ ದಿನದಿಂದ ಅವಳ ಗಾಡಿಯಿದ್ದ ಬೀದಿ ಬಿಟ್ಟು ಸುತ್ತುದಾರಿ ಹಿಡಿದ.

“ಕೊಟ್ಟುಬಿಡು ಮಧು,” ಎಂದಳು ತನುಜಾ.

“ಹೇಗೆ ಕೊಡ್ಲಿ? ಅದೀಗ ಅಮ್ಮಂದು.”

ಅವನು ನಗಲಿಲ್ಲ. ತನುಜಾ ಮತ್ತೆ ಆ ಮಾತು ಎತ್ತಲಿಲ್ಲ.

ಮಳೆಗಾಲದ ಜ್ವರವೊಂದರಲ್ಲಿ ಮಧುಕೇಶ ಸತ್ತ. ಜ್ವರವೆಂದು ಆಸ್ಪತ್ರೆಗೆ ಹೋದವನು ಮರಳಿ ಬರಲಿಲ್ಲ. ಬೀದಿ ತುಂಬ ಮುದುರು ಅಂಗಿಗಳು ನಿಂತವು. ಹೆಣದ ಪಕ್ಕದಲ್ಲಿ ನನ್ನನ್ನು ಇಟ್ಟು ಫೋಟೊ ತೆಗೆದರು. ಅವನ ಅಂಗಿಯನ್ನು ತೆಗೆಸಿ, ಅದಕ್ಕೆ ನನ್ನಿಂದ ಕೊನೆಯ ಇಸ್ತ್ರಿ ಮಾಡಬೇಕೆಂದು ಹಟ ಹಿಡಿದರು. ಮಾಡಿದರು ಕೂಡ, ತಣ್ಣಗಿನ ನನ್ನಿಂದಲೇ. ತನುಜಾಳನ್ನು ಯಾರೂ ಕೇಳಲಿಲ್ಲ. ಆಮೇಲೆ ಆ ಹೂವು.

ಹೇಳಿದ ಮಧ್ಯಾಹ್ನವೇ ಭುವನ್ ಬಂದ. ಅಭಿಮಾನಿ ಸಂಘಕ್ಕೆ ಅವನೇ ಮುಂದಾಳು. ಮುದುರು ಅಂಗಿ ತೊಟ್ಟಿದ್ದ; ಪ್ಯಾಂಟಿಗೆ ಮಾತ್ರ ಗರಿಗರಿ ಇಸ್ತ್ರಿ. ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ ತಂದಿದ್ದ, ನನ್ನನ್ನು ಸುತ್ತಲು.

“ಅತ್ತಿಗೆ, ಊಟ ಆಯ್ತಾ?”

“ಆಯ್ತು.”

“ನಾವು ಸಿನಿಮಾ ಹಾಕೋ ಕೆಫೆಯವರು ಒಂದು ಗೋಡೆ ಪೂರ್ತಿ ಬಿಟ್ಟುಕೊಟ್ಟಿದಾರೆ. ಮಧು ಸರ್ ಮೂಲೆ ಅಂತ. ಅಮ್ಮನ ಪೆಟ್ಟಿಗೆ ನಡುವೆ, ಮೇಲೊಂದು ಲೈಟು. ನೋಡಿದ್ರೆ ಅಳು ಬರಬೇಕು, ಹಾಗೆ ಮಾಡ್ತಿದೀವಿ.”

“ಇದು ಅಮ್ಮನದಲ್ಲ. ಮಾಚಮ್ಮನದು.”

“ಯಾವ ಮಾಚಮ್ಮ? ಸಿನಿಮಾದಲ್ಲಿ ಆ ಪಾತ್ರ ಇಲ್ವಲ್ಲ?”

“ಹಿಂದಿನ ಬೀದೀಲಿದ್ದಾರೆ. ಇಸ್ತ್ರಿ ಮಾಡ್ತಾರೆ. ಮಧು ಎರವಲು ತಂದಿದ್ದ.”

ಭುವನ್ ನನ್ನತ್ತ ನೋಡಿದ. ಅವನ ಕಣ್ಣಿನಲ್ಲಿ ಆಶ್ಚರ್ಯ ಬಂತು. ಬಂದಷ್ಟೇ ಬೇಗ ಹೋಯಿತು.

“ಅತ್ತಿಗೆ, ಇದನ್ನ ಹೊರಗೆ ಹೇಳೋದು ಬೇಡ. ಹುಡುಗರ ಮನಸ್ಸು ಒಡೆದುಹೋಗುತ್ತೆ. ಎಷ್ಟು ಜನ ಇದನ್ನ ಮುಟ್ಟಿ ಬದುಕು ಬದಲಾಯ್ತು ಅಂತಾರೆ ಗೊತ್ತಾ? ಅಮ್ಮಂದು ಅಂತಲೇ ಇರಲಿ. ಆ ಹೆಂಗಸಿಗೆ ಒಂದು ಒಳ್ಳೇ ಸ್ಟೀಮ್ ಇಸ್ತ್ರಿ ಕೊಡಿಸೋಣ. ಕೊಡುವಾಗ ವಿಡಿಯೊ ಕೂಡ ಮಾಡಬಹುದು.”

ಮುತ್ತಿಟ್ಟ ಬಾಯಿಗಳನ್ನು ಸಹಿಸಿದ್ದೆ. ಹೊಟ್ಟೆಯೊಳಗಿನ ಲೋಳೆಯನ್ನೂ ಸಹಿಸಿದ್ದೆ. ಈ ಮಾತಿಗೆ ಮಾತ್ರ ಮುಚ್ಚಳ ತೆರೆದು ವಾಂತಿ ಮಾಡಬೇಕೆನ್ನಿಸಿತು. ಮೋಸಹೋದೆನೆಂದು ಅವನಿಗೆ ಅನ್ನಿಸಲೇ ಇಲ್ಲ. ಮೋಸ ಕೈತಪ್ಪಿ ಹೋಗುತ್ತದಲ್ಲ ಎಂಬುದೊಂದೇ ಅವನ ಸಂಕಟ.

“ಸರ್ ಇದ್ದಿದ್ರೆ ಅವರೇ ಕೊಟ್ಟಿರೋರು, ಅಲ್ವಾ ಅತ್ತಿಗೆ?”

“ಕೊಟ್ಟಿರೋನು,” ಎಂದಳು ತನುಜಾ. “ಅದಕ್ಕೇ ನಾನು ಕೊಡಲ್ಲ.”

ಅವಳು ನನ್ನ ಹಿಡಿ ಹಿಡಿದೆತ್ತಿ ಚಪ್ಪಲಿ ಮೆಟ್ಟಿದಳು. ಭುವನ್ ಪ್ಲಾಸ್ಟಿಕ್ ಹಾಳೆ ಹಿಡಿದು ನಡುಮನೆಯಲ್ಲಿ ನಿಂತಿದ್ದ. “ಹೊರಡುವಾಗ ಬಾಗಿಲು ಎಳ್ಕೊಳ್ಳಿ,” ಎಂದಳು.

ಮಾಚಮ್ಮ ಮುದುಕಿಯಾಗಿದ್ದಳು. ನನ್ನನ್ನು ಕಂಡೊಡನೆ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಕುಕ್ಕಿದಳು.

“ಈಗ್ ಬಂದ್ಯಾ? ಎಲ್ಲವ್ವ ಆ ನಿನ್ ಗಂಡ, ಬೆಣ್ಣೆ ಮಾತ್ನೋನು? ಮೊಕ ತೋರ್ಸಾಕೆ ಆಗ್ದೆ ನಿನ್ನ ಕಳಿಸ್ದನಾ? ನಾಳೆ ತತ್ತೀನಿ, ನಾಳೆ ತತ್ತೀನಿ ಅಂದೂ ಅಂದೂ... ಅವ್ನ್ ನಾಳೇಗೆ ಬೆಂಕಿ ಬೀಳ!”

ನಮ್ಮ ಬೀದಿಯ ಗದ್ದಲವನ್ನು ಅವಳು ಇನ್ನೊಂದು ಶೂಟಿಂಗೆಂದು ತಿಳಿದಿರಬೇಕು; ಸುತ್ತುದಾರಿಯಲ್ಲಿ ನಡೆದವನ ಸುದ್ದಿ ಆ ಬೀದಿಗೆ ಬಂದಿರಲಿಲ್ಲ.

“ತೀರ್ಕೊಂಡ ಮಾಚಕ್ಕ,” ಎಂದಳು ತನುಜಾ. “ಹನ್ನೊಂದು ಮುಗೀತು.”

ಮಾಚಮ್ಮನ ಕೈ ಬಾಯಿಗೆ ಹೋಯಿತು. ತನುಜಾಳ ಬರಿದಾದ ಹಣೆಯನ್ನು ನೋಡಿದಳು, ಕತ್ತನ್ನು ನೋಡಿದಳು. “ಅಯ್ಯೋ ಶಿವ್ನೇ. ಇಷ್ಟ್ ಎಳೇ ವಯ್ಸಿಗೆ... ಬೆಳಿಗ್ಗೆನೂ ಬೋಯ್ಕಂಡ್ನಲ್ಲವ್ವ ಅವನ್ನ. ಸತ್ತೋನ್ನ ಬೋದ್ಬುಟ್ನಲ್ಲ.”

ತನುಜಾ ನನ್ನನ್ನು ಅವಳ ಕೈಗೆ ಕೊಟ್ಟಳು. ಮಾಚಮ್ಮ ಹಿಡಿಯ ಮೇಲೆ ಬೆರಳಾಡಿಸಿದಳು. ಮುಚ್ಚಳ ತೆರೆದು ಮೂಸಿ ಮುಖ ಸಿಂಡರಿಸಿದಳು. ಕಬ್ಬಿಣದ ಪೆಟ್ಟಿಗೆಯಿಂದ ಇಕ್ಕಳದಲ್ಲಿ ಒಂದೊಂದೇ ಕೆಂಡ ತೆಗೆದು ನನ್ನೊಳಗೆ ಹಾಕತೊಡಗಿದಳು.

ನನಗೂ ವಯಸ್ಸಾಗಿದೆ. ಹಿಡಿಯ ಮರ ಬಿರುಕು ಬಿಟ್ಟಿದೆ. ಇನ್ನು ಹೆಚ್ಚು ಕಾಲ ಬಾಳುವುದಿಲ್ಲ. ಪೂಜೆ ಮಾಡಿಸಿಕೊಂಡು ತಣ್ಣಗಿರುವುದಕ್ಕಿಂತ ಸುಡುತ್ತಾ ಸವೆಯುವುದು ನನ್ನಂಥದ್ದಕ್ಕೆ ಮೇಲು. ಒಳಗೆ ಶಾಖ ಹರಡಿದಾಗ ನನ್ನ ಹೇಸಿಗೆ ಪೂರ್ತಿ ಹೋಯಿತೆಂದು ಹೇಳಲಾರೆ. ಕಡಿಮೆಯಾಯಿತು.

ತನುಜಾ ಹೊರಡಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕುಳಿತಳು.

“ಮಾಚಕ್ಕ, ಅವನನ್ನ ಬೈಯಿರಿ.”

“ಬ್ಯಾಡ ಕಣವ್ವ. ತಪ್ಪಾಯ್ತದೆ.”

“ಇಷ್ಟು ದಿನ ಬರೀ ಹೊಗಳಿಕೆ ಕೇಳಿದೀನಿ. ಅವರು ಹೇಳೋನು ಯಾರೂಂತ ನಂಗೆ ಗೊತ್ತಾಗ್ತಿಲ್ಲ. ನೀವು ಬೈತಿದ್ರಲ್ಲ, ಅವನು ಮಧು.”

ಮಾಚಮ್ಮ ನನ್ನನ್ನು ತೂಗುತ್ತಾ ಅವಳನ್ನು ನೋಡಿದಳು.

“ಕಳ್ಳ ಅವ್ನು,” ಎಂದಳು ಕೊನೆಗೆ, ಮೆಲ್ಲಗೆ. “ಇಲ್ಲೇ ಕುಂತ್ಕಂಡು ನನ್ ಕಳ್ಳೇಕಾಯೆಲ್ಲ ತಿನ್ನೋನು. ಸಿಪ್ಪೆ ನನ್ ಒಗ್ದಿರೋ ಬಟ್ಟೆ ಮ್ಯಾಲೆ ಹಾಕೋನು.”

“ಹೂಂ,” ಎಂದಳು ತನುಜಾ. “ಮನೇಲೂ ಹಂಗೇ ಮಾಡೋನು. ಆಮೇಲೆ?”