ಕೆಂಪು ಪರದೆಯ ಆಚೆ

“ಆ ಬಾಗಿಲು ಬೇಡ,” ಎಂದಳು ಇಕುಯೊ.

ಬೀಗದ ಕೈ ಹಿಡಿದು ನಿಂತಿದ್ದ ತೊಕುಜಿಗೆ ಮೊದಲು ಅರ್ಥವಾಗಲಿಲ್ಲ. ಗಂಡ ಹೆಂಡತಿ, ಮನೆಮಂದಿ ಮಾತ್ರ ಬಳಸುವ ಆ ಸಣ್ಣ ಸ್ನಾನದ ಕೋಣೆಯನ್ನು ಅವನು ಫೋನು ಮಾಡಿ ಮೊದಲೇ ಗೊತ್ತುಮಾಡಿದ್ದ. ಒಳಗೆ ಹಿಡಿಕೆ ಇದೆಯೇ, ಕಟ್ಟೆ ಎಷ್ಟು ಎತ್ತರ, ನೆಲ ಜಾರುತ್ತದೆಯೇ ಎಂದು ಹೋಟೆಲಿನ ಯಜಮಾನಿ ಹಿಸಾನೊಳನ್ನು ಕೇಳಿ ಕೇಳಿ ಸುಸ್ತುಮಾಡಿದ್ದ. ಅಕಿತಾ ಸೀಮೆಯ ಬೆಟ್ಟದೊಳಗಿನ ಈ ಬಿಸಿನೀರ ಬುಗ್ಗೆಗೆ ಬರಲು ರೈಲು, ಬಸ್ಸು, ಕೊನೆಗೆ ಹೋಟೆಲಿನ ವ್ಯಾನು ಹತ್ತಿ ಇಳಿದಿದ್ದರು. ಪ್ರತಿ ಸಲವೂ ಅವಳ ಬಲಗಡೆಯ ಕಂಕುಳಿಗೆ ಕೈಕೊಟ್ಟು ಅವನೇ ಎತ್ತಿದ್ದ, ಅವನೇ ಇಳಿಸಿದ್ದ.

“ಮತ್ತೆಲ್ಲಿ?”

ಇಕುಯೊ ಗೋಡೆಗೆ ಒರಗಿ, ಎಡಗೈಯ ಊರುಗೋಲನ್ನೆತ್ತಿ ಪಡಸಾಲೆಯ ಕೊನೆಯನ್ನು ತೋರಿಸಿದಳು. ಅಲ್ಲಿ ಅಕ್ಕಪಕ್ಕ ಎರಡು ಪರದೆಗಳು ತೂಗುತ್ತಿದ್ದವು. ನೀಲಿ ಪರದೆ ಗಂಡಸರಿಗೆ, ಕೆಂಪು ಪರದೆ ಹೆಂಗಸರಿಗೆ. ಕೆಂಪು ಪರದೆಯ ಕೆಳಗಿನಿಂದ ಗಂಧಕದ ವಾಸನೆಯ ಹಬೆಯೂ ಹತ್ತಾರು ಹೆಂಗಸರ ಗದ್ದಲವೂ ಒಟ್ಟಿಗೇ ಹೊರಬರುತ್ತಿದ್ದವು.

“ದೊಡ್ಡದು,” ಎಂದಳು.

ಪಾರ್ಶ್ವವಾಯು ಬಡಿದ ಮೇಲೆ ಅವಳ ಮಾತು ಹೀಗೆ ಒಂದೊಂದೇ ಶಬ್ದವಾಗಿ ಬೀಳುತ್ತಿತ್ತು. ಉಳಿದದ್ದನ್ನು ತೊಕುಜಿ ತುಂಬಿಕೊಳ್ಳುತ್ತಿದ್ದ. ಕಡಲ ದಂಡೆಯ ಪಟ್ಟಣದಲ್ಲಿ ಅವರದೊಂದು ಕ್ಷೌರದಂಗಡಿ. ಅವನು ಕೂದಲು ಕತ್ತರಿಸಿದರೆ ಅವಳು ಗಡ್ಡ ಹೆರೆಯುತ್ತಿದ್ದಳು. ಅವಳ ಹರಟೆ ಕೇಳಲೆಂದೇ ಗಡ್ಡ ಬೆಳೆಯುವ ಮೊದಲೇ ಬರುವ ಗಿರಾಕಿಗಳಿದ್ದರು. ಈಗ ಅವಳ ಕುರ್ಚಿಗೆ ಬಟ್ಟೆ ಹೊದಿಸಿಟ್ಟಿದ್ದ. ಬಂದವರು ಒಳಬಾಗಿಲ ಕಡೆ ಬಗ್ಗಿ “ಹೇಗಿದೀರಮ್ಮಾ?” ಎಂದರೆ ಅವಳು ತುಟಿ ಬಿಡಿಸುವಷ್ಟರಲ್ಲಿ “ಪರವಾಗಿಲ್ಲ, ನಿನ್ನೆ ಚೆನ್ನಾಗಿ ಊಟ ಮಾಡಿದ್ಲು” ಎಂದು ಅವನ ಉತ್ತರ ಮುಗಿದಿರುತ್ತಿತ್ತು.

“ಅಲ್ಲಿಗೆ ನಾನು ಬರೋ ಹಾಗಿಲ್ವಲ್ಲೇ. ನಿನ್ನ ಹಿಡ್ಕೊಳ್ಳೋರು ಯಾರು?”

“ನಾನೇ.”

“ಕಾಲು ಜಾರಿದ್ರೆ?”

“ಬೀಳ್ತೀನಿ.”

“ಹುಚ್ಚು ಹುಚ್ಚಾಗಿ ಆಡ್ಬೇಡ. ಬಾ, ನೀರು ಅದೇ ನೀರು. ಬಾಗಿಲು ಹಾಕ್ಕೊಂಡು ನಾನೇ ಮೈ ಉಜ್ತೀನಿ, ದಿನಾ ಮಾಡೋ ಹಾಗೆ.”

ಇಕುಯೊ ಅಲುಗಲಿಲ್ಲ. ತುಟಿ ಒಂದು ಕಡೆ ಸೊಟ್ಟಗಾಗಿ ನಡುಗಿತು. ಶಬ್ದವನ್ನು ಎಲ್ಲಿಂದಲೋ ಎಳೆದು ತರುವವಳಂತೆ ಕಣ್ಣು ಮುಚ್ಚಿ, “ನಿಮ್ಮ ಕೈ… ಸಾಕಾಗಿದೆ ರೀ,” ಎಂದಳು.

ತೊಕುಜಿ ಬೀಗದ ಕೈಯನ್ನೇ ನೋಡುತ್ತ ನಿಂತ. ಅವಳಿಗೆ ಉಣಿಸಿದ್ದು, ಉಡಿಸಿದ್ದು, ಶೌಚಕ್ಕೆ ಕೂರಿಸಿದ್ದು, ಚಳಿಗಾಲದಲ್ಲಿ ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಿಕ್ಕಿದ್ದು, ಯಾವುದನ್ನೂ ಅವನು ದೊಡ್ಡದೆಂದು ಯಾರ ಮುಂದೆಯೂ ಹೇಳಿಕೊಂಡವನಲ್ಲ. ಈಗ ಹೇಳಿಕೊಳ್ಳಬೇಕೆನಿಸಿತು. ಎದುರಿಗೆ ಹಿಸಾನೊ ಇದ್ದಳು. ಗಂಡ ಹೆಂಡಿರ ಮಾತು ತನಗೆ ಕೇಳಲೇ ಇಲ್ಲವೆಂಬಂತೆ ಅವಳು ಹೊಸ್ತಿಲ ಬಳಿಯ ಚಪ್ಪಲಿಗಳನ್ನು ಸರಿಪಡಿಸತೊಡಗಿದಳು.

ಅಷ್ಟರಲ್ಲಿ ಹೆಗಲಿಗೆ ಟವೆಲು ಹಾಕಿಕೊಂಡ ದಪ್ಪನೆಯ ಹೆಂಗಸೊಬ್ಬಳು ಮೆಟ್ಟಿಲಿಳಿದು ಬಂದಳು. ಮೀನು ಸೀಳಿ ಒಣಗಿಸುವ ಕಾರ್ಖಾನೆಯ ಹೆಂಗಸರು ವರ್ಷಕ್ಕೊಮ್ಮೆ ಗುಂಪಾಗಿ ಈ ಹೋಟೆಲಿಗೆ ಬರುತ್ತಿದ್ದರು. ಒಳಗಿನ ಗದ್ದಲ ಅವರದೇ. ಹಿಂದೆ ಉಳಿದ ಈಕೆಯ ಹೆಸರು ಫುಸಾ.

“ಏನಕ್ಕಾ, ಒಳಗೆ ಬರ್ತೀಯಾ?” ಎಂದು ಅವಳು ನೇರವಾಗಿ ಇಕುಯೊಳನ್ನೇ ಕೇಳಿದಳು.

“ಅವಳಿಗೆ ಬಲಗಡೆ ಸ್ವಾಧೀನ ಇಲ್ಲಮ್ಮ, ಮಾತೂ ಸರಿಯಾಗಿ…” ತೊಕುಜಿ ಶುರುಮಾಡಿದ.

“ನಿನ್ನ ಕೇಳ್ಲಿಲ್ಲ ಕಣಣ್ಣೋ. ಅಕ್ಕನ್ನ ಕೇಳ್ದೆ.”

“ಬರ್ತೀನಿ,” ಎಂದಳು ಇಕುಯೊ.

ಬಲಗಡೆ ನಿಲ್ಲಬೇಕು, ತೋಳು ಹಿಡಿದು ಎಳೆಯಬಾರದು, ನೀರಿಗೆ ಎಡಗಾಲು ಮೊದಲು, ಹೆಚ್ಚು ಹೊತ್ತು ಕೂತರೆ ತಲೆ ಸುತ್ತುತ್ತದೆ, ಕಿವಿಗೆ ನೀರು ಹೋದರೆ ಅವಳಿಗೆ ಆಗುವುದಿಲ್ಲ ಎಂದು ತೊಕುಜಿ ಅವರ ಹಿಂದೆಯೇ ಹೇಳುತ್ತ ಪರದೆಯವರೆಗೂ ಹೋದ. ಫುಸಾ ತಿರುಗಿದಳು. “ನಮ್ಮತ್ತೆ ಸಾಯೋಗಂಟ ನಾನೇ ಮೀಯ್ಸಿದ್ದು. ಅವಳು ನಿನ್ನೆಂಡ್ತಿಗಿಂತ ಎರಡು ಪಾಲು ತೂಕ ಇದ್ಲು, ಬಾಯಿ ನಾಕು ಪಾಲು. ಹೋಗು, ಟೀ ಕುಡಿ.” ಕೆಂಪು ಬಟ್ಟೆ ಇಬ್ಬರ ಬೆನ್ನ ಹಿಂದೆ ಬಿತ್ತು.

ಅವನು ಎದುರಿನ ಬೆಂಚಿನಲ್ಲಿ ಕುಳಿತ. ಹಿಸಾನೊ ತಂದಿಟ್ಟ ಟೀ ಆರಿಹೋಯಿತು. ಒಳಗಿನಿಂದ “ಜಾಗ ಬಿಡ್ರೇ, ಜಾಗ ಬಿಡ್ರೇ” ಎಂಬ ಕೂಗು, ನೀರು ಸುರಿಯುವ ಸದ್ದು. ಆಮೇಲೆ ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಆ ನಗುವಿನ ರಾಶಿಯಲ್ಲಿ ಒಂದು ನಗು ಸ್ವಲ್ಪ ತಡವಾಗಿ ಹೊರಟು, ಉಳಿದವರು ನಿಲ್ಲಿಸಿದ ಮೇಲೂ ಗೊರಗೊರ ಎನ್ನುತ್ತ ಉಳಿಯಿತು. ತೊಕುಜಿ ಕತ್ತೆತ್ತಿದ. ಅಂಗಡಿಯಲ್ಲಿ ಸೋಪಿನ ನೊರೆ ಮೆತ್ತಿಕೊಂಡ ಗಿರಾಕಿಗಳನ್ನು ಮಿಸುಕಾಡಿಸುತ್ತಿದ್ದ ನಗು ಅದು. ಕಾಯಿಲೆ ಬಿದ್ದಾಗಿನಿಂದ ಅವನ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಸಂತೋಷವಾಗಬೇಕಿತ್ತು. ಆದರೆ ಎದೆಯೊಳಗೆ ಉರಿದದ್ದು ಸಂತೋಷವಲ್ಲ. ಯಾರೋ ಗುರುತಿಲ್ಲದ ಹೆಂಗಸರಿಗೆ ಇದನ್ನು ಕೊಟ್ಟಳಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಅಸಹ್ಯಪಟ್ಟ.

ಆಗಲೇ ಒಳಗೆ ಏನೋ ದಡಾರನೆ ಬಿತ್ತು. ಗದ್ದಲ ಒಮ್ಮೆಲೇ ನಿಂತಿತು.

ತೊಕುಜಿಗೆ ತಾನು ಎದ್ದದ್ದೇ ತಿಳಿಯಲಿಲ್ಲ. ಪರದೆ ಸರಿಸಿ ಬಟ್ಟೆ ಬದಲಿಸುವ ಕೋಣೆಗೆ ನುಗ್ಗಿದ್ದ. ಅರ್ಧ ಬಟ್ಟೆಯಲ್ಲಿದ್ದ ಇಬ್ಬರು ಚೀರಿ ಟವೆಲು ಎಳೆದುಕೊಂಡರು. ಬಟ್ಟೆ ಕಳಚಿಡುವ ಬುಟ್ಟಿಗಳ ಪಕ್ಕ ಇಕುಯೊಳ ಊರುಗೋಲು ಒರಗಿತ್ತು. ಅದರಾಚೆ ಹಬೆ ಕವಿದ ಗಾಜಿನ ಬಾಗಿಲು.

“ಇಕುಯೊ! ಏನಾಯ್ತೇ? ಬಿದ್ಯಾ?”

ಹಬೆಯೊಳಗಿನಿಂದ ಅವಳ ದನಿ ಬಂತು, ತೊದಲದೆ, ತಡೆಯದೆ.

“ಹೊರಗೆ ಹೋಗ್ರೀ! ಬರೀ ಹೆಂಗಸರಿದ್ದಾರೆ ಇಲ್ಲಿ, ನಾಚಿಕೆಯಾಗಲ್ವಾ ನಿಮಗೆ!”

“ಬಕೀಟು ಬಿತ್ತು ಕಣಣ್ಣೋ! ನಿನ್ನೆಂಡ್ತಿ ಅಲ್ಲ!” ಫುಸಾ ಕೂಗಿದಳು. ಹೆಂಗಸರ ನಗು ಗೋಡೆಗೆ ಬಡಿದು ಬಂತು.

ಅವನು ತಲೆ ತಗ್ಗಿಸಿ, ಆ ಇಬ್ಬರಿಗೂ ಬಾಗಿ ಬಾಗಿ ತಪ್ಪಾಯಿತೆಂದು ಹೇಳುತ್ತ, ಹಿಮ್ಮುಖವಾಗಿಯೇ ಹೊರಬಿದ್ದ. ಬೆಂಚಿನ ಬಳಿ ಹಿಸಾನೊ ನಿಂತಿದ್ದಳು. ಬೈಯುತ್ತಾಳೆಂದುಕೊಂಡ.

“ಟೀ ಆರಿದೆ, ಬೇರೆ ತರ್ತೀನಿ ಯಜಮಾನ್ರೇ,” ಎಂದಳು ಅವಳು. ಎರಡು ಹೆಜ್ಜೆ ಹೋಗಿ ನಿಂತು, “ಅಮ್ಮಾವ್ರ ಗಂಟಲು ಗಟ್ಟಿಯಾಗೇ ಇದೆ,” ಎಂದಳು.

ಇಕುಯೊ ಹೊರಬಂದಾಗ ಮುಖ ಬೇಯಿಸಿದ ಸೀಗಡಿಯಂತೆ ಕೆಂಪಾಗಿತ್ತು. ಹೋಟೆಲಿನ ಹತ್ತಿಯ ನಿಲುವಂಗಿಯನ್ನು ಯಾರೋ ಚೊಕ್ಕವಾಗಿ ಉಡಿಸಿದ್ದರು. ಕೂದಲನ್ನೂ ಬಾಚಿದ್ದರು. ಆದರೆ ಬೈತಲೆಯನ್ನು ಅವಳಿಗೆ ಒಪ್ಪದ ಕಡೆಗೆ ತೆಗೆದಿದ್ದರು. ಮದುವೆಯಾದಾಗಿನಿಂದ ಆ ತಲೆಗೆ ಕತ್ತರಿ ಆಡಿಸಿದ್ದು ಅವನೊಬ್ಬನೇ. ಸರಿಮಾಡಲು ಕೈ ಚಾಚಿದ. ಅವಳು ತಲೆಯನ್ನು ಅತ್ತ ಸರಿಸಿದಳು.

ಸಂಜೆ ಊಟ ಕೋಣೆಗೇ ಬಂತು. ಅಣಬೆ ಮತ್ತು ಅನ್ನದ ಕಡುಬು ಹಾಕಿದ ಕೋಳಿ ಸಾರು, ಉಪ್ಪು ಸವರಿ ಸುಟ್ಟ ಹೊಳೆಮೀನು, ಉಪ್ಪಿನಕಾಯಿ. ಮನೆಯಲ್ಲಾಗಿದ್ದರೆ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕಿದ ಮೇಲೆಯೇ ಅವನು ತಿನ್ನುತ್ತಿದ್ದುದು. ಇಂದು ತನ್ನ ಮೀನನ್ನೇ ನೋಡುತ್ತ ಕುಳಿತ. ಇಕುಯೊ ಎಡಗೈಯಲ್ಲಿ ಚಮಚದ ತುದಿಯಿಂದ ಮೀನನ್ನು ಕೆದಕಿದಳು. ಅರ್ಧ ಚಾಪೆಗೆ ಬಿತ್ತು. ಒಂದು ಮುಳ್ಳು ಬಾಯಿಗೇ ಹೋಯಿತು. ಅವಳು ಅದನ್ನು ನಾಲಿಗೆಯಿಂದ ಹೊರಳಿಸಿ, ಹೊರಗೆ ತೆಗೆದು, ತಟ್ಟೆಯ ಅಂಚಿನಲ್ಲಿಟ್ಟಳು.

“ಒಳಗೆ ಅದೇನು ಅಷ್ಟು ನಗ್ತಾ ಇದ್ರಿ?” ಎಂದು ಕೇಳಿದ.

ಅವಳು ಯೋಚಿಸಿದಳು. ತುಟಿ ಅಲುಗಿತು, ನಿಂತಿತು. ‘ಫುಸಾ ಏನೋ ತಮಾಷೆ ಮಾಡಿದ್ಲಾ?’ ಎಂಬುದು ಅವನ ಬಾಯಿಯವರೆಗೂ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡ. ಸಾರಿನ ಮೇಲಿನ ಹಬೆ ತೆಳುವಾಯಿತು. ಹೊರಗೆ ಹಿಮ ಬೀಳುತ್ತಿತ್ತು.

“ಹೇಳಲ್ಲ,” ಎಂದಳು ಕಡೆಗೆ.

“ಸರಿ, ಹೇಳ್ಬೇಡ.”

ಅವಳು ಚಮಚ ಕೆಳಗಿಟ್ಟು ಅವನ ಮುಖ ನೋಡಿದಳು. “ಬೇಜಾರು… ಆಯ್ತಾ?”

ಇಲ್ಲವೆನ್ನುವುದು ಅವನಿಗೆ ರೂಢಿ. “ಆಯ್ತು,” ಎಂದ. “ತುಂಬಾ ಆಯ್ತು.”

ಇಕುಯೊ ತಲೆಯಾಡಿಸಿದಳು. ತನ್ನ ಬಟ್ಟಲಿನ ಉಪ್ಪಿನಕಾಯಿಯನ್ನು ಚಮಚದಲ್ಲಿ ಚೆಲ್ಲದಂತೆ ತಂದು ಅವನ ಅನ್ನದ ಮೇಲೆ ಹಾಕಿದಳು. ಆಮೇಲೆ ಅವನ ಕೊರಳಪಟ್ಟಿಯನ್ನು ಮೂಸಿ ಮುಖ ಸಿಂಡರಿಸಿ, “ನೀವೂ… ಹೋಗಿ. ನೀರಿಗೆ,” ಎಂದಳು.

ಬೆಳಿಗ್ಗೆ ಫುಸಾ ಬಂದು ಇಕುಯೊಳನ್ನು ಕರೆದೊಯ್ದ ಮೇಲೆ ಅವನು ನೀಲಿ ಪರದೆ ದಾಟಿದ. ಮೈ ತೊಳೆದು ಹೊರಗಿನ ಕಲ್ಲುಕೊಳಕ್ಕೆ ಹೋದ. ಹಾಲು ಬೆರೆಸಿದಂಥ ನೀರು, ಸುತ್ತ ಮೊಣಕಾಲೆತ್ತರ ಹಿಮ, ಬೇರೆ ಯಾರೂ ಇರಲಿಲ್ಲ. ಮನೆಯಲ್ಲಿ ಅವನ ಸ್ನಾನವೆಂದರೆ ಬಾಗಿಲು ತೆರೆದಿಟ್ಟು, ಕಿವಿಯನ್ನು ಅವಳ ಹಾಸಿಗೆಯ ಕಡೆಗಿಟ್ಟು ನಾಲ್ಕು ಚೊಂಬು ಸುರಿದುಕೊಳ್ಳುವುದು. ಈಗ ನೀರು ಎದೆಗೆ ಬಂತು, ಹೆಗಲಿಗೆ ಬಂತು. ಬೆನ್ನು ನೋಯುತ್ತಿತ್ತೆಂಬುದು ನೋವು ಬಿಡತೊಡಗಿದಾಗಲೇ ಅವನಿಗೆ ತಿಳಿದದ್ದು. ಕಣ್ಣಲ್ಲಿ ನೀರು ಬಂತು. ಯಾರೂ ಇಲ್ಲದ್ದರಿಂದ ಒರೆಸಿಕೊಳ್ಳಲಿಲ್ಲ.

ಎತ್ತರದ ಬಿದಿರು ಬೇಲಿಯ ಆಚೆ ಹೆಂಗಸರ ಕೊಳ. ಮಾತು ಸ್ಪಷ್ಟವಾಗಿರಲಿಲ್ಲ. ಸಾಕಷ್ಟು ಹೊತ್ತಾಯಿತು, ಅವಳಿಗೆ ತಲೆ ಸುತ್ತೀತು ಎಂದುಕೊಂಡು ಅವನು ಎದ್ದು ಒಂದು ಕಾಲನ್ನು ದಂಡೆಯ ಕಲ್ಲಿನ ಮೇಲಿಟ್ಟ.

“ಇಕುಯೊ, ಹೊರಡೋಣ್ವಾ?”

“ಏನಣ್ಣೋ, ಆಗ್ಲೇ ಬೆಂದೋದ್ಯಾ?” ಫುಸಾಳ ದನಿ.

ಅವನು ಇಕುಯೊಳ ದನಿಗಾಗಿ ಬೇಲಿಯನ್ನೇ ನೋಡುತ್ತ ಕಾದ. ಹೊರಗಿದ್ದ ಮೊಣಕಾಲಿನ ಮೇಲೆ ಹಿಮದ ಹರಳುಗಳು ಬಿದ್ದು ಕರಗಿದವು.

“ಇನ್ನೂ…” ಎಂದು ಬಂತು ಆಚೆಯಿಂದ. ಬಹಳ ಹೊತ್ತಿನ ಮೇಲೆ, “ಸ್ವಲ್ಪ ಹೊತ್ತು.”

ತೊಕುಜಿ ಕಾಲನ್ನು ಒಳಗೆಳೆದುಕೊಂಡ. ಒದ್ದೆ ಟವೆಲನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ ತಲೆಯ ಮೇಲಿಟ್ಟುಕೊಂಡು, ಗಲ್ಲದವರೆಗೂ ನೀರಿಗಿಳಿದ.