ಗ್ವಾಡಿಮ್ಯಾಲಿನ ಕಣ್ಣು

ನಮ್ಮ ಕಡೆ ಯಾರಾದ್ರೂ ತೀರಿಕೊಂಡ್ರ ಮೈ ತೊಳೆದು, ವಿಭೂತಿ ಹಚ್ಚಿ, ಹಾರ ಹಾಕಿ ಗ್ವಾಡಿಗೆ ಒರಗಿಸಿ ಕುಂದ್ರಸ್ತಾರ. ಬದುಕಿದ್ದಾಗ ನೆಟ್ಟಗ ಒಂದು ಫೋಟೋ ತೆಗೆಸಿರಂಗಿಲ್ಲ, ಆಗ ನೆನಪಾಗ್ತೈತಿ. ಮೊಬೈಲ್‌ನ್ಯಾಗ ಹಿಡೀತಾರ. ಕಣ್ಣು ಮುಚ್ಚಿದ ಆ ಫೋಟೋ ತಗೊಂಡು ಕೊಟ್ಟೂರಿಗೆ ನನ್ನ ಹತ್ರ ಬರ್ತಾರ. "ವಾಣಕ್ಕ, ನಮ್ಮಪ್ಪನ ಕಣ್ಣು ತೆರೆಸ್ರಿ." ನಾನು ಬಣ್ಣದಾಗ ತೆರೆಸಿ ಕೊಡ್ತೀನಿ.

ನನಗ ಕಲಿಸಿದವರು ವೀರಭದ್ರಯ್ಯ ಮಾಸ್ತರು. ತಾವು ಬರೆದ ಚಿತ್ರಾನ ಮುಂದಿಟ್ಟು "ಹಿಂಗ ಬರಿ" ಅಂತಿದ್ರು, ಅಷ್ಟ. ಕೂದಲೆಳಿಯಷ್ಟು ಹೆಚ್ಚುಕಮ್ಮಿ ಆದ್ರ ಹಾಳಿ ಹರಿದು ಒಗೆಯೋರು. ಕಣ್ಣೊಂದನ್ನ ವರ್ಷಗಟ್ಟಲೆ ನಕಲು ಮಾಡಿಸಿದ್ರು. ಶಾಂತ ಕಣ್ಣು, ಒಂಚೂರು ಮ್ಯಾಲಕ್ಕ ನೋಡೋದು. ಈಗ ತಮ್ಮದ್ಯಾವುದು ನನ್ನದ್ಯಾವುದು ಅಂತ ಅವರಿಗೇ ಗೊತ್ತಾಗಂಗಿಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿತನಕ ಗ್ವಾಡಿಮ್ಯಾಲಿನ ಹಿರಿಯರೆಲ್ಲಾ ಒಂದೇ ತಾಯಿ ಮಕ್ಕಳಂಗ ನೋಡ್ತಾರ. ಥೂ, ಸಾಕಾಗಿಬಿಟ್ಟೈತಿ ನನಗ!

ಹೋದ ತಿಂಗಳು ಧಾರವಾಡದ ಶೈಲಾ ಮೇಡಂ ಬಂದಿದ್ರು. ಚಿತ್ರ ಕಲಿಸೋ ಶಾಲಿ ನಡೆಸ್ತಾರ. ನನ್ನ ಕೆಲಸ ನೋಡಿ, "ಕೈ ತಯಾರೈತಿ, ಆದ್ರ ನಕಲು ಮಾಡೋ ಕೈ. ಊರೂರು ತಿರುಗು. ನಗೋರು, ಜಗಳಾಡೋರು, ಜೀವಂತ ಮಂದೀನ ಬರಕೊಂಡು ಬಾ. ದೀಪಾವಳಿಯೊಳಗ ತೋರಿಸಿದ್ರ ಸೇರಿಸ್ಕೊಂತೀನಿ" ಅಂದ್ರು. ಈ ಕಣ್ಣಿನಿಂದ ತಪ್ಪಿಸ್ಕೊಳ್ಳಾಕ ನನಗ ಇದ್ದದ್ದು ಅದೊಂದ ದಾರಿ.

ಹೊರಟೆ. ಹಡಗಲಿ ಬಸ್ ಸ್ಟ್ಯಾಂಡಿನಾಗ ಮಲ್ಲಿಗಿ ಮಾರೋ ಪಂಪಮ್ಮನ ಎದುರಿಗೆ ಪೆನ್ಸಿಲ್ ತೆಗೆದ್ನೋ ಇಲ್ಲೋ, ಸೆರಗು ಮುಖಕ್ಕ ಎಳಕೊಂಡ್ಲು. "ನೀ ಸತ್ತೋರನ್ನ ಬರಿಯಾಕಿ ಅಲ್ಲ? ನಂಗಿನ್ನೂ ಮಗಳ ಮದುವಿ ಮಾಡೋದೈತಿ ಮಾರಾಯ್ತಿ, ಅತ್ತಾಗ ಹೋಗು!" ಕೂಡ್ಲಿಗಿ ಸಂತ್ಯಾಗ ಒಬ್ಬಾತ ಹಾಳೀನ ಕಸಗೊಂಡ. ಬಸ್‌ನ್ಯಾಗ ಪಕ್ಕದ ಸೀಟಿನಾಕಿ ನನ್ನ ಗುರುತು ಹಿಡಿದು ಎದ್ದಾಕಿ, ಹಗರಿಬೊಮ್ಮನಹಳ್ಳಿತನಕ ನಿಂತ ಬಂದ್ಲು. ನಾನೇನು ಯಮನ ತಂಗಿಯೇನು? ಸಿಟ್ಟು ನೆತ್ತಿಗೇರಿತ್ತು. ಹಬ್ಬ ಬ್ಯಾರೆ ಹತ್ರ ಬಂದಿತ್ತು.

ಕಡೀಕ ಹಿರೇಹಡಗಲಿಯಾಗ ನಾಗಲಿಂಗಮ್ಮ ಒಪ್ಪಿಕೊಂಡ್ಲು. ಆಕಿ ಗಂಡನ ಕಣ್ಣು ನಾನೇ ತೆರೆಸಿದ್ದೆ. ಹೋದಾಗ ರೊಟ್ಟಿ ಬಡೀತಿದ್ಲು, ಮೊಣಕೈತನಕ ಹಿಟ್ಟು, ಹಣಿಮ್ಯಾಲೆ ಬೆವರು. ಲಗುಬಗಿಲೆ ಪೆನ್ಸಿಲ್ ತೆಗೆದೆ. "ಹಂಗ ಇರವ್ವ" ಅಂದೆ.

"ತಡಿ" ಅಂತ ಒಳಗ ಹೋದ್ಲು. ಮೈ ತೊಳಕೊಂಡು, ಇಳಕಲ್ ಸೀರಿ ಉಟ್ಟು, ವಿಭೂತಿ ಹಚ್ಚಿ ಬಂದ್ಲು. ಗ್ವಾಡಿಗೆ ಒರಗಿ, ಕೈ ತೊಡಿಮ್ಯಾಲಿಟ್ಟು ಕುಂತ್ಲು. ರೆಪ್ಪಿ ಸೈತ ಬಡೀಲಿಲ್ಲ.

"ಯವ್ವಾ, ಹಿಂಗ್ಯಾಕ ಕುಂತಿ?"

"ಮತ್ತ ಹೆಂಗ ಕುಂದ್ರಲಿ? ಈಗ್ಲೇ ಬರಸಿಟ್ರ, ನಾ ಹೋದಮ್ಯಾಲೆ ಮಕ್ಕಳು ನಿನ್ನ ಬಾಗಿಲಿಗೆ ಅಲೆಯೋದು ತಪ್ತೈತಿ."

"ನೀ ಇನ್ನೂ ಬದುಕಿ ಅದಿ! ರೊಟ್ಟಿ ಬಡಿ, ನನ್ನ ಬೈಯಿ, ಏನಾರ ಮಾಡು!"

"ಗ್ವಾಡಿಮ್ಯಾಲೆ ರೊಟ್ಟಿ ಬಡೀತಾ ಇದ್ರ ಮೊಮ್ಮಕ್ಕಳು ಕೈ ಹೆಂಗ ಮುಗೀಬೇಕು? ತಲಿ ಕೆಟ್ಟೈತೇನು ನಿಂಗ?" ಅಂತ ಎದ್ದೇಬಿಟ್ಲು. ಮುಖ ಕೆಂಪಾತು. ಕೈ ಬೀಸಿ ಬೀಸಿ ನನ್ನ ಏಳು ತಲೆಮಾರು ಜಾಲಾಡಿದ್ಲು. ಬೈತಾ ಬೈತಾ ತನಗ ನಗು ಬಂದು, ಬಾಯಿಗೆ ಸೆರಗು ಒತ್ತಿಕೊಂಡ್ಲು. ಇದ, ಇದ ಬೇಕಾಗಿತ್ತು ನನಗ! ಸರಸರ ಬರೆದೆ.

ಮುಗಿಸಿ ಹಾಳಿ ದೂರ ಹಿಡಿದು ನೋಡಿದೆ. ಅದರಾಗ ನಾಗಲಿಂಗಮ್ಮ ಬೈಯ್ತಿರಲಿಲ್ಲ, ನಗ್ತಿರಲಿಲ್ಲ. ಕೈ ತೊಡಿಮ್ಯಾಲಿಟ್ಟುಕೊಂಡು, ಶಾಂತವಾಗಿ, ಒಂಚೂರು ಮ್ಯಾಲಕ್ಕ ನೋಡ್ತಾ ಕುಂತಿದ್ಲು.

ಆಕಿ ಹಾಳಿ ಇಸಗೊಂಡು ನೋಡಿ ಹಣಿಗೆ ಒತ್ತಿಕೊಂಡ್ಲು. "ಅಯ್ಯ ನನ್ನವ್ವ, ಎಷ್ಟು ಚೆಂದ ಬರದಿ! ನಾ ಎದ್ದು ಕುಣಿದಾಡಿದ್ರೂ ಹೆಂಗ ಕುಂದ್ರಿಸಿಬಿಟ್ಟಿ ನೋಡು!" ಅಂತ ಬಾಗಿಲಿಗೆ ಹೋಗಿ ಓಣಿಯವರನ್ನೆಲ್ಲಾ ಕೂಗಿದ್ಲು.

ನಾನು ಗಳಗಳ ಅತ್ತುಬಿಟ್ಟೆ. ಖುಷಿಗೆ ಅಳಾಕತ್ತಾಳ ಅಂದ್ಕೊಂಡು ನಾಗಲಿಂಗಮ್ಮ ನನ್ನ ಬೆನ್ನು ಸವರಿದ್ಲು. "ಸುಮ್ನಾಗು ವಾಣಿ. ಎದುರುಮನಿ ಜಂಬಕ್ಕನೂ ಬರಸ್ಕೊಂತಾಳಂತ. ಮೈ ತೊಳಕೊಂಡು ಬರಾಕತ್ತಾಳ."