ಅಮ್ಮನ ಚಪ್ಪಲಿ ಸವೆದ ಬೀದಿ

ಹಳೇ ಪೇಟೆಯ ಚಪ್ಪಲಿ ಅಂಗಡಿ ಯಜಮಾನನಿಗೆ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಮೈ ಉರಿಯುತ್ತಿತ್ತು. ಕಾರಣ ಒಂದು ಬಿಳಿ ಕಾರು. ಯಾರದೋ ಏನೋ, ಅವನು ಬರುವಷ್ಟರಲ್ಲಿ ಅಂಗಡಿಯ ಮುಂದೆ ಅಡ್ಡಡ್ಡ ನಿಂತಿರುತ್ತಿತ್ತು. ಸಂಜೆ ಆರಕ್ಕೆ ಅವನು ಮನೆಗೆ ಹೊರಟಾಗಲೂ ಅಲ್ಲೇ. ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟ ಚಪ್ಪಲಿಗಳನ್ನು ಆ ಕಾರೊಂದೇ ನೋಡುತ್ತಿತ್ತು. ಗಿರಾಕಿಗಳು ಕಡಿಮೆಯಾಗಿದ್ದರು. ಇನ್ನೊಂದು ವರ್ಷ ಹೀಗೇ ಆದರೆ ಅಪ್ಪ ಕಟ್ಟಿದ ಅಂಗಡಿಗೆ ಬೀಗ ಹಾಕಬೇಕು ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ.

ಅಷ್ಟರಲ್ಲಿ ನಗರಸಭೆಯವರು ಒಂದು ಯೋಜನೆ ತಂದರು. ಒಂದು ತಿಂಗಳು ಪ್ರಯೋಗಕ್ಕೆಂದು ಹಗಲಲ್ಲಿ ಹಳೇ ಪೇಟೆ ಬೀದಿಗೆ ಗಾಡಿ ಬಿಡುವುದಿಲ್ಲ. ಬೀದಿಯ ಎರಡೂ ತುದಿಗೆ ಹತ್ತು ನಿಮಿಷಕ್ಕೊಂದು ಬಸ್ಸು. ಗಾಡಿ ನಿಲ್ಲಿಸಲು ಹಿಂದಿನ ಹಳೇ ಗೋದಾಮಿನ ಅಂಗಳ. ಯಜಮಾನ ಕೆರಳಿದ. ಬೇಡ ಎಂದು ಮನವಿ ಬರೆದು, ನಲವತ್ತು ಅಂಗಡಿಯವರ ಸಹಿಯನ್ನೂ ಹಾಕಿಸಿದ.

"ಗಾಡಿ ಬಿಡದಿದ್ರೆ ಗಿರಾಕಿ ಹೇಗೆ ಬರ್ತಾರೆ? ಹಾರ್ಕೊಂಡು ಬರ್ತಾರಾ?" ಎಂದು ಊಟದ ಹೊತ್ತಿಗೆ ಮನೆಯಲ್ಲಿ ಗುಡುಗಿದ.

"ನಡ್ಕೊಂಡು ಬರ್ತಾರೆ ಅಣ್ಣ," ಎಂದಳು ತಂಗಿ. ಅವಳು ಸಿಟಿ ಬಸ್ಸಿನ ಕಂಡಕ್ಟರ್. "ಜನ ನಡೀಬಾರ್ದು ಅಂತ ಚಪ್ಪಲಿ ಮಾರೋನೇ ಅರ್ಜಿ ಹಿಡ್ಕೊಂಡು ಓಡಾಡೋದನ್ನ ಇದೇ ಮೊದಲು ನೋಡ್ತಿರೋದು ನಾನು!"

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಯಜಮಾನನಿಗೆ ಇನ್ನೂ ಸಿಟ್ಟು ಬಂತು.

"ನಿನಗೇನು ಗೊತ್ತು ವ್ಯಾಪಾರ?"

"ವ್ಯಾಪಾರ ಗೊತ್ತಿಲ್ಲ, ಜನ ಗೊತ್ತು. ನನ್ನ ಬಸ್ಸಿಂದ ಇಳಿದೋರು ಬೀದಿ ಬಾಯಲ್ಲೇ ನಿಂತು ನೋಡ್ತಾರೆ. ಕಾಲಿಡೋಕೆ ಜಾಗ ಇಲ್ಲ ಅಂತ ಬೇರೆ ಕಡೆ ಹೋಗ್ತಾರೆ. ಅರ್ಜಿ ಕೊಡೋದನ್ನ ಒಂದು ದಿನ ತಡಿ. ನಾಳೆ ನನಗೆ ರಜ. ಚಪ್ಪಲಿ ಅಟ್ಟೆಗೆ ಗುರುತು ಹಾಕ್ತೀಯಲ್ಲ, ಆ ಸೀಮೆಸುಣ್ಣ ಕೊಡು."

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ನಿಂತಿದ್ದ ಮೂವತ್ತನಾಲ್ಕು ಗಾಡಿಗಳ ಚಕ್ರಕ್ಕೂ ಅದರ ಕೆಳಗಿನ ನೆಲಕ್ಕೂ ಸೇರಿಸಿ ಒಂದೊಂದು ಗೆರೆ ಎಳೆದಳು. ಸಂಜೆ ಐದಕ್ಕೆ ಅಣ್ಣನ ಕೈ ಹಿಡಿದು ಎಳೆದುಕೊಂಡು ಹೋದಳು. ಇಪ್ಪತ್ತೇಳು ಗಾಡಿಗಳ ಗೆರೆ ಒಂದಿಷ್ಟೂ ಅಲುಗಾಡಿರಲಿಲ್ಲ.

"ಗಿರಾಕಿ ಏಳು ಗಂಟೆ ಹೊತ್ತು ಚಪ್ಪಲಿ ನೋಡ್ತಾನಾ ಅಣ್ಣ? ಇವತ್ತು ಬೇಗ ಹೊರಡಬೇಡ. ಇವು ಯಾರವು ಅಂತ ನೋಡೇ ಬಿಡೋಣ."

ಏಳೂವರೆಗೆ ಷಟರ್‌ಗಳು ಒಂದೊಂದಾಗಿ ಇಳಿದವು. ಬೀಗ ಹಾಕಿದವರೆಲ್ಲ ಕಿಸೆಯಿಂದ ಇನ್ನೊಂದು ಬೀಗದ ಕೈ ತೆಗೆದು ಗಾಡಿಗಳ ಕಡೆ ಬಂದರು. ಬಿಳಿ ಕಾರಿನ ಬಾಗಿಲು ತೆಗೆದದ್ದು ಮೂಲೆಯ ಬಟ್ಟೆ ಅಂಗಡಿಯ ಹಿರಿಯ. ಇಡೀ ಪೇಟೆ ಅವರನ್ನು 'ಮಾವ' ಎನ್ನುತ್ತದೆ.

"ಮಾವ, ಇದು ನಿಮ್ಮದಾ? ವರ್ಷಗಟ್ಟಲೆ ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀರಲ್ಲ!"

"ನಾನೇನಪ್ಪ ಮಾಡ್ಲಿ? ನನ್ನ ಅಂಗಡಿ ಮುಂದೆ ದಿನಾ ಯಾವನೋ ಒಂದು ಬೂದು ವ್ಯಾನ್ ತಂದು ನಿಲ್ಲಿಸ್ತಾನೆ. ಸಿಗಲಿ, ವಿಚಾರಿಸ್ಕೋತೀನಿ."

ಯಜಮಾನ ಮೂಲೆಯ ಕಡೆ ತಿರುಗಿ ನೋಡಿದ. ಬೂದು ವ್ಯಾನ್ ಅವನದೇ. ತನ್ನ ಬಾಗಿಲಲ್ಲಿ ಜಾಗವಿಲ್ಲವೆಂದು ಅವನು ಮೂಲೆಗೆ ಹೋಗುತ್ತಿದ್ದ. ಹೇಗೂ ಜಾಗ ಸಿಗದೆಂದು ಮಾವ ಮೂಲೆಯವರೆಗೂ ಹೋಗದೆ ಇಲ್ಲೇ ನಿಲ್ಲಿಸುತ್ತಿದ್ದರು. ಎರಡು ವರ್ಷದ ಹಿಂದೆ ಅಮ್ಮ ಅಂಗಡಿಗೆ ಬರುವಾಗ, ಅದೇ ಮೂಲೆಯಲ್ಲಿ ಅವನ ವ್ಯಾನ್ ಅಡ್ಡ ನಿಂತು ಕಾಲುದಾರಿ ಸಿಗದೆ ರಸ್ತೆಗಿಳಿದಿದ್ದರು. ಬೈಕು ತಗುಲಿ ಮಂಡಿಗೆ ಪೆಟ್ಟಾಗಿತ್ತು. ಮಕ್ಕಳ ಪಾದದ ಅಳತೆ ತೆಗೆಯುತ್ತ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂರುತ್ತಿದ್ದ ಅಮ್ಮ ಮತ್ತೆ ಬರಲಿಲ್ಲ. ಅವರನ್ನು ಮನೆಯಲ್ಲಿ ಕೂರಿಸಿದ್ದು ತಾನೇ ಎಂದು ನೆನೆದು ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು.

"ಆ ಯಾವನೋ ನಾನೇ ಮಾವ," ಎಂದ.

ಮಾವ ಅವನ ಮುಖ ನೋಡಿದರು, ಚಕ್ರದ ಗೆರೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಅದೇ ಮನವಿ ಹರಿದು, ಪ್ರಯೋಗ ಆಗಲಿ ಎಂದು ಹೊಸದು ಬರೆದು, ಮಾವನನ್ನೂ ಕರೆದುಕೊಂಡು ಯಜಮಾನ ಮತ್ತೆ ನಲವತ್ತು ಬಾಗಿಲು ತಟ್ಟಿದ. ಕೆಲವರು ಬೈದರು. "ನನ್ನ ಪೈಪು, ಪೇಂಟು ಡಬ್ಬ ಯಾರು ಹೊರ್ತಾರೆ? ನಿನ್ನ ತಂಗಿನಾ?" ಎಂದು ಹಾರ್ಡ್‌ವೇರ್ ಅಂಗಡಿಯವನು ರೇಗಿದ.

"ಬೆಳಿಗ್ಗೆ ಒಂಬತ್ತರೊಳಗೆ ಸಾಮಾನಿನ ಗಾಡಿ ಒಳಗೇ ಬರಬಹುದು. ಆಂಬುಲೆನ್ಸಿಗೆ, ನಡೆಯೋಕಾಗದೋರ ಗಾಡಿಗೆ ಯಾವಾಗಲೂ ದಾರಿ ಇದೆ. ಒಂದು ತಿಂಗಳು ನೋಡೋಣ. ಸರಿ ಹೋಗದಿದ್ರೆ ಬೇಡ ಅಂತ ನಾನೇ ಹೇಳ್ತೀನಿ," ಎಂದ ಯಜಮಾನ. ಮೂವತ್ತೊಂದು ಸಹಿ ಬಿದ್ದವು. ಒಂಬತ್ತು ಜನ ಕೊನೆಗೂ ಹಾಕಲಿಲ್ಲ, ಅವರಲ್ಲಿ ಹಾರ್ಡ್‌ವೇರಿನವನೂ ಒಬ್ಬ.

ಮೊದಲ ವಾರ ಬೀದಿ ಬಿಕೋ ಎನ್ನುತ್ತಿತ್ತು. ಆದರೂ ಯಜಮಾನ ಹಿಂದೆ ಸರಿಯಲಿಲ್ಲ. ಎರಡನೇ ವಾರ ಬಸ್ಸಿಳಿದವರು ಒಳಗೆ ಕಾಲಿಟ್ಟರು. ತಲೆ ಎತ್ತಿ ನೋಡುವ ಪುರುಸೊತ್ತು ಸಿಕ್ಕಿದ್ದರಿಂದ, ಹೊಗೆ ಹಿಡಿದ ಹಳೇ ಮಹಡಿಗಳ ಕೆತ್ತನೆ ಕಿಟಕಿಗಳು ಅವರ ಕಣ್ಣಿಗೆ ಬಿದ್ದವು. ಮಾವ ತಮ್ಮ ಕಿಟಕಿಗಳನ್ನು ತೊಳೆಸಿದರು. ವರ್ಷಗಳಿಂದ ಖಾಲಿ ಬಿದ್ದಿದ್ದ ಅವರ ಮಹಡಿಗೆ ಒಬ್ಬಳು ಟೈಲರ್ ಬಂದಳು. ಮೂರನೇ ವಾರ, ಮಗಳ ಬಸ್ಸಿನಿಂದ ಅಮ್ಮ ಇಳಿದರು. ಕೋಲೂರಿಕೊಂಡು, ನಡುಬೀದಿಯಲ್ಲೇ ರಾಣಿಯ ಹಾಗೆ ನಡೆದು ಬಂದು ತಮ್ಮ ಸ್ಟೂಲಿನಲ್ಲಿ ಕೂತರು. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ತಿಂಗಳು ಮುಗಿದಾಗ ಪ್ರಯೋಗ ಮುಂದುವರಿಸಿ ಎಂದು ಪೇಟೆಯವರೇ ಕೇಳಿದರು, ನಗರಸಭೆಯೂ ಒಪ್ಪಿತು. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಮ್ಮ ಕಾಲು ಮುಂದೆ ಚಾಚಿದರು.

"ನೋಡೋ, ಹಿಮ್ಮಡಿ ಹತ್ರ ಅಟ್ಟೆ ಸವೆದೇ ಹೋಗಿದೆ."

ಎರಡು ವರ್ಷ ಬಾಗಿಲ ಹಿಂದೆ ಹೊಸದರಂತೆಯೇ ಬಿದ್ದಿದ್ದ ಚಪ್ಪಲಿ. ಯಜಮಾನ ಅದನ್ನು ಕೈಯಲ್ಲಿ ಹಿಡಿದುಕೊಂಡ. ಕಣ್ಣು ತುಂಬಿ ಬಂತು.

"ಬಣ್ಣ ಯಾವುದು ಬೇಕಮ್ಮ?" ಎಂದ.

ಈ ಕಥೆ ಕೇಳಿದವರೇ, ನಿಮ್ಮ ಊರಿನ ಹಳೇ ಬೀದಿಯಲ್ಲೂ ಒಂದು ದಿನ ಸೀಮೆಸುಣ್ಣ ಹಿಡಿದು ಗೆರೆ ಎಳೆದು ನೋಡಿ. ಪೇಟೆಗೆ ಹೋಗುವಾಗ ಬಸ್ಸು ಹತ್ತಿ, ಹತ್ತಿರವಿದ್ದರೆ ನಡೆಯಿರಿ. ನಗರಸಭೆ ಸಭೆ ಕರೆದರೆ ಹೋಗಿ ಬಾಯಿ ಬಿಟ್ಟು ಕೇಳಿ. ಅದಕ್ಕೂ ಮೊದಲು ಈಗಲೇ ಎದ್ದು ಬಾಗಿಲ ಹಿಂದೆ ನೋಡಿ: ಸವೆಯದೆ ಬಿದ್ದಿರುವ ಚಪ್ಪಲಿ ನಿಮ್ಮ ಮನೆಯಲ್ಲಿ ಯಾರದು?